ಕುಲಕರ್ಣಿಯವರ ನಿರ್ದೋಷಿ ಪಾಯಸ

ನಾನು ಆಹಾರ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವನು. ಹಾಗಾಗಿ ಆರ್.ಕೆ.ಪುರಂನ ನಮ್ಮ ಮೇಲಿನ ಮನೆಯ ಕುಲಕರ್ಣಿಯವರು ಬಡ್ತಿಯ ಖುಷಿಗೆ ಬ್ಲಾಕಿನವರನ್ನೆಲ್ಲ ಊಟಕ್ಕೆ ಕರೆದಾಗ, ಅವರ ಬೆರಳಿನಲ್ಲಿದ್ದ ಕೀವು ತುಂಬಿದ ಗಾಯ ಮೊದಲು ಕಂಡದ್ದು ನನಗೇ. ಪಾಯಸವನ್ನು ಹಿಂದಿನ ಸಂಜೆಯೇ ಸ್ವತಃ ಮಾಡಿ, ದೆಹಲಿಯ ಜೂನ್ ತಿಂಗಳಲ್ಲಿ, ಬಾಲ್ಕನಿಯಲ್ಲಿ ತಣ್ಣಗಿರಲಿ ಅಂತ ಇಟ್ಟಿದ್ದರಂತೆ.

"ಬೆಳಿಗ್ಗೆ ಮತ್ತೆ ಚೆನ್ನಾಗಿ ಕುದಿಸಿದೀನಿ, ಚಿಂತೆ ಬೇಡ" ಅಂದರು.

ಕೀವಿನಿಂದ ಪಾಯಸಕ್ಕಿಳಿದ ಬ್ಯಾಕ್ಟೀರಿಯಾ ಕುದಿಸಿದರೆ ಸಾಯುತ್ತವೆ. ಅವು ಅಷ್ಟರಲ್ಲಿ ಉಗುಳಿಟ್ಟ ವಿಷ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಅದು ಹೊಟ್ಟೆಗಿಳಿದರೆ ವಾಂತಿ, ಭೇದಿ. ಟ್ರೈನಿಂಗಿಗೆ ಬಂದವರಿಗೆ ನಾನು ವರ್ಷವಿಡೀ ಕೊರೆಯುವುದು ಇದನ್ನೇ. ಅಂದು ಮಾತ್ರ ಮಹಾ ಸಭ್ಯನಂತೆ ಎರಡನೇ ಬಟ್ಟಲು ಕೇಳಿದೆ.

ಸಂಜೆಯೊಳಗೆ ಬ್ಲಾಕಿನ ಎಲ್ಲ ಫ್ಲಷ್‌ಗಳೂ ಕುಲಕರ್ಣಿಯವರ ಬಡ್ತಿಯನ್ನು ಸಾರಿದವು.

ಎರಡು ದಿನ ಬಿಟ್ಟು ಅವರು, ಫ್ರೀಜರಿನಲ್ಲಿಟ್ಟಿದ್ದ ಮಿಕ್ಕ ಪಾಯಸದ ಡಬ್ಬಿ ಹಿಡಿದು ಲ್ಯಾಬಿಗೇ ಬಂದರು. "ಎಲ್ಲ ನನ್ನ ಮೇಲೇ ಹಾಕ್ತಿದಾರೆ. ಟೆಸ್ಟ್ ಮಾಡಿಕೊಡಿ."

ನಮ್ಮ ಫಾರ್ಮಿನಲ್ಲಿ ಬದುಕಿರುವ ಬ್ಯಾಕ್ಟೀರಿಯಾಕ್ಕೆ ಕಾಲಂ ಇದೆ, ವಿಷಕ್ಕೆ ಇಲ್ಲ. ಕುದಿಸಿದ ಪಾಯಸದಲ್ಲಿ ಬದುಕಿದ್ದು ಏನೂ ಸಿಗಲಿಲ್ಲ. ನಿಯಮದಂತೆ 'ತಿನ್ನಲು ಯೋಗ್ಯ' ಎಂದು ಬರೆದು, ಓಆರ್‌ಎಸ್ ಗುಟುಕರಿಸುತ್ತಾ ಸಹಿ ಹಾಕಿದೆ.

"ಅಚ್ಛಾ! ಹಾಗಾದ್ರೆ ನೀವೆಲ್ಲ ಸೇರಿ ಎಲ್ಲೋ ಬೀದಿಬದಿ ಗೋಲ್‌ಗಪ್ಪಾ ತಿಂದಿದೀರಿ" ಅಂದ ಕುಲಕರ್ಣಿ, ವರದಿಯನ್ನು ಅದೇ ಮಾತಿನ ಸಮೇತ ಕಾಲೋನಿಯ ವಾಟ್ಸಾಪ್ ಗುಂಪಿಗೆ ಹಾಕಿದರು.

ಊರಿಗೆ ಹೋಗಿದ್ದ ನನ್ನ ಹೆಂಡತಿ ಅದನ್ನು ಓದಿ ಫೋನ್ ಮಾಡಿದಳು. "ನಿಜ ಹೇಳಿ, ಗೋಲ್‌ಗಪ್ಪಾ ಎಷ್ಟು ತಿಂದ್ರಿ?"

ವರದಿಯಲ್ಲಿ ನನ್ನದೇ ಸಹಿ ಇತ್ತು. ಎರಡು ಪ್ಲೇಟ್ ಅಂತ ಒಪ್ಪಿಕೊಂಡೆ.