ಗುಮಾನಿಯಣ್ಣನ ಟ್ರೈಲರ್ ದೀಪ

ಅವನ ನಿಜವಾದ ಹೆಸರು ಎಲ್ಲರಿಗೂ ಮರೆತೇ ಹೋಗಿತ್ತು. ಗುಮಾನಿಯಣ್ಣ ಅಂದರೆ ಸಾಕು, ಗೊತ್ತಾಗುತ್ತಿತ್ತು. ಟ್ರೈಲರ್ ಮೇಲೆ ಜನರೇಟರ್ ಕೂರಿಸಿ, ಜೀಪಿಗೆ ಕಟ್ಟಿ ಎಳೆದುಕೊಂಡು ಬಾಡಿಗೆಗೆ ಹೋಗುವುದು ಅವನ ಕಸುಬು. ಡೀಸೆಲ್ ಹಾಕಿಸುವಾಗ ಒಂದು ಕಣ್ಣು ಮೀಟರಿನ ಮೇಲೆ, ಇನ್ನೊಂದು ಪೈಪಿನ ಮೇಲೆ. ಹೊಸ ಬಲ್ಬನ್ನೂ ಅಂಗಡಿಯಲ್ಲೇ ಉರಿಸಿ ನೋಡದೆ ಜೇಬಿಗೆ ಹಾಕಿದವನಲ್ಲ. ಈಚೆಗೆ ಟ್ರೈಲರಿಗೆ ಬಣ್ಣ ಹೊಡೆಸಬೇಕಾಗಿ ಬಂದಾಗ, ಪೇಂಟರ್ ಥಿನ್ನರ್ ಸುರಿದು ಬಣ್ಣ ತೆಳ್ಳಗೆ ಮಾಡಿ ಟೋಪಿ ಹಾಕುತ್ತಾನೆಂದು ತಾನೇ ಬ್ರಷ್ ಹಿಡಿದಿದ್ದ.

ಬಣ್ಣ ಒಣಗಿದ ಮರುದಿನವೇ ಟ್ರೈಲರ್ ದೀಪಗಳಿಗೆ ಹುಚ್ಚು ಹಿಡಿಯಿತು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣಮಿಣ ಅನ್ನುತ್ತಿತ್ತು. ಎಡಕ್ಕೆ ಸಿಗ್ನಲ್ ಕೊಟ್ಟರೆ ಎರಡೂ ಕಡೆ ಮಂಕಾಗಿ ಉರಿಯುತ್ತಿತ್ತು. ಜೀಪಿನ ದೀಪಗಳು ಮಾತ್ರ ಸರಿಯಾಗಿಯೇ ಇದ್ದವು.

ಟ್ರೈಲರಿನ ವೈರಿಂಗ್ ಮಾಡಿದವನು ಬಾಮೈದ, ಹೆಂಡತಿಯ ತಮ್ಮ. ಆರು ವರ್ಷದಿಂದ ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಜೊತೆಗೇ ದುಡಿಯುತ್ತಿದ್ದವನು ಕಳೆದ ತಿಂಗಳು ಸ್ವಂತ ರಿಪೇರಿ ಅಂಗಡಿಯ ಮಾತೆತ್ತಿದ್ದ. ಅಷ್ಟು ಸಾಕಾಯಿತು. ಮೊದಲ ಗಿರಾಕಿ ನಾನೇ ಆಗಲಿ ಅಂತ ನನ್ನ ಗಾಡಿಯನ್ನೇ ಕೆಡಿಸಿದ್ದಾನೆ ಎಂಬ ಹುಳ ಗುಮಾನಿಯಣ್ಣನ ತಲೆ ಹೊಕ್ಕಿತು.

ಬೆಳಿಗ್ಗೆ ಬಾಮೈದನನ್ನು ಶೆಡ್ ಬಾಗಿಲಲ್ಲೇ ತಡೆದ. “ಶೆಡ್ ಕೀ ಇಟ್ಟು ಹೋಗು. ಇನ್ನು ಈ ಕಡೆ ತಲೆ ಹಾಕ್ಬೇಡ.”

“ಯಾಕೆ ಭಾವ?”

“ದೀಪಕ್ಕೇನು ಮಾಡಿದ್ದೀಯ ಅಂತ ನಿನಗೇ ಗೊತ್ತು.”

ಬಾಮೈದನ ಮುಖ ಕಪ್ಪಿಟ್ಟಿತು. ಕೀ ತೆಗೆದು ಗೋಡೆಯ ಮೊಳೆಗೆ ನೇತುಹಾಕಿದ. “ಹೋಗ್ತೀನಿ. ಆದ್ರೆ ಕಳ್ಳ ಅನ್ನಿಸ್ಕೊಂಡು ಹೋಗಲ್ಲ. ಹತ್ತು ನಿಮಿಷ ಕೊಡಿ.”

ತಿಂಡಿ ಡಬ್ಬಿ ತಂದಿದ್ದ ಹೆಂಡತಿ ಗುರ್ ಅಂದಳು. “ಕೊಡ್ರೀ! ಇಲ್ಲಾಂದ್ರೆ ಈ ಡಬ್ಬಿಗೆ ನಾನು ವಿಷ ಹಾಕಿದ್ದೀನಿ ಅಂತ್ಲೂ ಅಂದುಬಿಡ್ತೀರ.”

ಬಾಮೈದನ ಕೈ ಮೇಲಿನ ಕಣ್ಣು ಕೀಳಬಾರದೆಂದು, ಬ್ರೇಕ್ ಒತ್ತಲು ಗುಮಾನಿಯಣ್ಣ ಹೆಂಡತಿಯನ್ನೇ ಜೀಪಿನಲ್ಲಿ ಕೂರಿಸಿದ. ಬಾಮೈದ ಎರಡು ವೈರು ಕಟ್ಟಿದ ಬಲ್ಬೊಂದನ್ನು ತಂದು ಟ್ರೈಲರಿಗೆ ಕರೆಂಟ್ ಕೊಡುವ ಜೀಪಿನ ಹಿಂದಿನ ಪ್ಲಗ್ಗಿಗೆ ಹಿಡಿದ. ಝಗ್ಗನೆ ಉರಿಯಿತು. ಆಮೇಲೆ ಒಂದು ವೈರನ್ನು ಟ್ರೈಲರಿನ ಬ್ರೇಕ್ ದೀಪದ ವೈರಿಗೆ, ಇನ್ನೊಂದನ್ನು ಟ್ರೈಲರಿನ ಕಬ್ಬಿಣಕ್ಕೆ ಒತ್ತಿದ. ಬಲ್ಬು ಉಸಿರೆತ್ತಲಿಲ್ಲ. ಅದೇ ವೈರನ್ನು ಉದ್ದ ಮಾಡಿ ಜೀಪಿನ ಕಬ್ಬಿಣಕ್ಕೆ ಮುಟ್ಟಿಸಿದ. ಮತ್ತೆ ಝಗ್ಗ್!

“ಕರೆಂಟ್ ಬರ್ತಿದೆ ಭಾವ. ವಾಪಸ್ ಹೋಗೋಕೆ ದಾರಿ ಇಲ್ಲ. ಅರ್ಥಿಂಗ್ ತಪ್ಪಿದೆ.”

“ತಪ್ಪಿಸಿದ್ಯಾರು?”

ಬಾಮೈದ ಟ್ರೈಲರಿನ ಅಡಿಗೆ ತೆವಳಿದ. ಗುಮಾನಿಯಣ್ಣನೂ ಬೆನ್ನಿಗೇ ತೆವಳಿದ. ಅರ್ಥಿಂಗ್ ವೈರು ಕಬ್ಬಿಣಕ್ಕೆ ಕೂರುವ ಬೋಲ್ಟು ಬಿಚ್ಚಿದರೆ, ಅದರ ಕೆಳಗೆ ಕೆಂಪು ಬಣ್ಣ ಮಿರಮಿರ ಮಿಂಚುತ್ತಿತ್ತು.

“ಬಣ್ಣ ದಾಟಿ ಕರೆಂಟ್ ಹೋಗಲ್ಲ. ಬೋಲ್ಟ್ ಬಿಚ್ಚಿ ಒಳಗೂ ಬಣ್ಣ ಹೊಡೆದೋರು ಯಾರು ಭಾವ?”

“ಅದು... ತುಕ್ಕು ಕದ್ದು ಒಳಗೆ ಸೇರ್ಕೊಳ್ಳುತ್ತೆ ಅಂತ...”

“ಎರಡು ಕೋಟ್ ಹೊಡೆದ್ರಾ?”

“ಮೂರು.”

ಜೀಪಿನಿಂದ ಹೆಂಡತಿ ಕೂಗಿದಳು. “ಸಿಕ್ಕಿದ್ನೇನ್ರೀ ಕಳ್ಳ?”

ಬಾಮೈದ ಬಣ್ಣ ಕೆರೆದು ಬೋಲ್ಟು ಬಿಗಿದ. ದೀಪ ಕೆಂಡದ ಹಾಗೆ ಉರಿಯಿತು. ಗುಮಾನಿಯಣ್ಣ ನಂಬದೆ ಹೆಂಡತಿಯಿಂದ ನಾಲ್ಕು ಸಲ ಬ್ರೇಕ್ ಒತ್ತಿಸಿದ. ಆಮೇಲೆ ಮೊಳೆಯಿಂದ ಕೀ ಎತ್ತಿ ಬಾಮೈದನ ಜೇಬಿಗೆ ತುರುಕಿದ.

“ಅಂಗಡಿ ಹಾಕೋದಾದ್ರೆ ಶೆಡ್ ಪಕ್ಕದಲ್ಲೇ ಹಾಕು,” ಅಂದ ಬೇರೆ ಕಡೆ ನೋಡುತ್ತಾ. “ಕಣ್ಣೆದುರಿಗೆ ಇರ್ತೀಯ.”