ಮಾವನ ದೀಪ ಮತ್ತು ಅದರ ತಾತ್ಕಾಲಿಕ ಸಹಾಯಕ

ಅವನ ಹುದ್ದೆಯ ಪೂರ್ತಿ ಹೆಸರು ‘ದೀಪ ಸಹಾಯಕ, ತಾತ್ಕಾಲಿಕ’. ಅಷ್ಟುದ್ದ ಕರೆಯಲು ಪುರುಸೊತ್ತಿಲ್ಲದ ನದಿ ಕಚೇರಿಯವರು ಮೊದಲೆರಡು ಪದ ಕೈಬಿಟ್ಟು ‘ತಾತ್ಕಾಲಿಕ’ ಎಂದಷ್ಟೇ ಕರೆಯುತ್ತಿದ್ದರು. ಅವನಿಗೂ ತಕರಾರಿರಲಿಲ್ಲ. ಇಪ್ಪತ್ತಾರು ವರ್ಷಕ್ಕೇ ಮೂರು ಕೆಲಸ ಬಿಟ್ಟಿದ್ದೇನೆಂದು ಅವನು ಹೇಳಿಕೊಳ್ಳುತ್ತಿದ್ದ. ನಿಜ ಹೇಳಬೇಕೆಂದರೆ ಆ ಮೂರು ಕೆಲಸಗಳೇ ಅವನನ್ನು ಬಿಟ್ಟಿದ್ದವು.

ಈ ನಾಲ್ಕನೆಯದು ದೊಡ್ಡಮ್ಮನ ಮಂಡಿನೋವಿನ ದೆಸೆಯಿಂದ ಸಿಕ್ಕಿದ್ದು. ದೊಡ್ಡಮ್ಮ ಅವನ ತಾಯಿಯ ಅಕ್ಕ. ನದಿಯ ತಿರುವಿನಲ್ಲಿರುವ ಪುಟ್ಟ ದೀಪಸ್ತಂಭವನ್ನು ನೋಡಿಕೊಳ್ಳುವವಳು. ಮೂವತ್ತೊಂದು ವರ್ಷ ದಿನಾ ಮೂವತ್ತೆಂಟು ಮೆಟ್ಟಿಲು ಹತ್ತಿಳಿದು ಕೊನೆಗೆ ಮಂಡಿ ಕೈಕೊಟ್ಟಾಗ, ಹತ್ತಲು ಒಬ್ಬರನ್ನು ಕೊಡಿ ಎಂದು ಕಚೇರಿಗೆ ಬರೆದಳು. ಮಂಡಿ ಗಟ್ಟಿಯಿದ್ದವರು ಯಾರಾದರೂ ಆದೀತು ಎಂದು ಕಚೇರಿ ಒಪ್ಪಿತು. ಹಾಗಾಗಿ ತಾತ್ಕಾಲಿಕನ ಒಟ್ಟು ಅರ್ಹತೆ ಅವನ ಎರಡು ಮಂಡಿಗಳು.

ದೀಪಸ್ತಂಭ ಎಂದಾಕ್ಷಣ ಸಮುದ್ರದಂಚಿನ ಭಾರೀ ಗೋಪುರವನ್ನು ಕಲ್ಪಿಸಿಕೊಳ್ಳಬೇಡಿ. ಇದು ಪಕ್ಕದ ಉಗ್ರಾಣದ ಚಾವಣಿಗಿಂತ ಎರಡಾಳು ಎತ್ತರ, ಅಷ್ಟೇ. ಸರಕಿನ ದೋಣಿಯ ಮೇಲೆ ನಿಂತವನು ಕೈಚಾಚಿದರೆ ಇದರ ದೀಪದಲ್ಲೇ ಸಿಗರೇಟು ಹಚ್ಚಿಕೊಳ್ಳಬಹುದು ಎಂದು ಅಂಬಿಗರು ಆಡಿಕೊಳ್ಳುತ್ತಾರೆ. ಕಟ್ಟಿಸಿದವನು ಹಳೆಯ ಕಾಲದ ಒಬ್ಬ ಮರದ ವ್ಯಾಪಾರಿ. ತಿರುವಿನ ಮರಳದಿಬ್ಬಕ್ಕೆ ಅವನ ಎರಡು ದೋಣಿ ಸಿಕ್ಕಿಬಿದ್ದಾಗ ‘ನದಿ ಅಂದಮೇಲೆ ಇದ್ದದ್ದೇ’ ಎಂದು ಸುಮ್ಮನಾಗಿದ್ದನಂತೆ. ಮೂರನೆಯ ದೋಣಿಯಲ್ಲಿ ಹೆಣ್ಣು ಕೊಟ್ಟ ಮಾವ ಇದ್ದರು. ಸಂಜೆಯಿಂದ ಮಾರನೆಯ ಮಧ್ಯಾಹ್ನದವರೆಗೆ ಮರಳ ನಡುವೆ ಟ್ರಂಕಿನ ಮೇಲೆ ಕೂತಿದ್ದ ಮಾವ, ದಡ ಸೇರಿದ ಮೇಲೆ ಅಳಿಯನಿಗೆ ಏನು ಹೇಳಿದರೋ ಯಾರಿಗೂ ಗೊತ್ತಿಲ್ಲ. ಮುಂದಿನ ತಿಂಗಳು ಅಡಿಪಾಯ ಬಿತ್ತು. ಜನ ಇವತ್ತಿಗೂ ಅದನ್ನು ಮಾವನ ದೀಪ ಎಂದೇ ಕರೆಯುತ್ತಾರೆ.

ದೀಪದ ಉಪಾಯ ಸರಳ. ನದಿಯ ಕಡೆಗೆ ಒಂದೇ ಅಳತೆಯ ಎರಡು ಗಾಜುಗಳಿವೆ. ಬಿಳಿ ಗಾಜಿನ ಬೆಳಕು ಆಳವಾದ ನೀರಿನ ಮೇಲೆ ಬೀಳುತ್ತದೆ, ಕೆಂಪು ಗಾಜಿನದು ಮರಳದಿಬ್ಬದ ಮೇಲೆ. ಅಂಬಿಗನಿಗೆ ಬಿಳಿ ಕಂಡರೆ ದಾರಿ ಸರಿ. ಕೆಂಪು ಕಂಡರೆ, ಬಿಳಿ ಕಾಣುವವರೆಗೂ ಪಕ್ಕಕ್ಕೆ ಸರಿಯಬೇಕು. ಪ್ರತಿ ವರ್ಷ ನೆರೆ ಇಳಿದ ಮೇಲೆ ದೊಡ್ಡಮ್ಮ ದೋಣಿಯಲ್ಲಿ ಹೋಗಿ, ಗಳ ಇಳಿಬಿಟ್ಟು ಮರಳು ಎಲ್ಲಿಗೆ ಸರಿದಿದೆ ಎಂದು ನೋಡಿ ಬಂದು, ಗಾಜಿನ ಚೌಕಟ್ಟನ್ನು ಒಂದೆರಡು ಬೆರಳು ಅತ್ತಿತ್ತ ಸರಿಸುತ್ತಾಳೆ.

ಅಸಲಿಗೆ ಈ ಕೆಲಸ ದೊಡ್ಡಪ್ಪನದು. ಅವನಿಗೆ ಎತ್ತರ ಕಂಡರೆ ತಲೆಸುತ್ತು. ಮೊದಲ ದಿನ ಹತ್ತಿದವನು ಇಳಿಯಲಾರದೆ ಹೋದ, ಎರಡನೆಯ ದಿನ ಹತ್ತಲಾರದೆ ಹೋದ, ಮೂರನೆಯ ದಿನ ಪೇಟೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿ ತೆರೆದ. “ಇವತ್ತೊಂದು ದಿನ ನೀನೇ ಹಚ್ಚಿಬಿಡೇ” ಎಂದನಂತೆ. ಆ ಒಂದು ದಿನ ಇನ್ನೂ ಮುಗಿದಿಲ್ಲ.

ತಾತ್ಕಾಲಿಕ ಸೇರಿ ಎರಡು ತಿಂಗಳಾಗಿರಬೇಕು, ಒಂದು ಗುರುವಾರ ಬೆಳಿಗ್ಗೆ ಕಚೇರಿಯಿಂದ ಕಾಗದ ಬಂತು. ಈಗ ಎಲ್ಲ ಅಂಬಿಗರ ಬಳಿಯೂ ಫೋನಿದೆ, ಫೋನಿನಲ್ಲೇ ನದಿಯ ನಕ್ಷೆಯಿದೆ. ದೀಪದ ಅಗತ್ಯವಿದೆಯೇ ಎಂದು ನೋಡಲು ಅದೇ ಸಂಜೆ ಸಾಹೇಬರು ಖುದ್ದಾಗಿ ಬೋಟಿನಲ್ಲಿ ಬರುತ್ತಾರೆ. ಬೇಡವೆಂದು ಕಂಡುಬಂದಲ್ಲಿ ಅಂದೇ ಆರಿಸಿ ಬೀಗ ಹಾಕಲಾಗುವುದು.

ದೊಡ್ಡಮ್ಮ ಎರಡು ಸಲ ಓದಿದಳು. ಆಮೇಲೆ ಟ್ರಂಕಿನಿಂದ ಕಚೇರಿ ಕೊಟ್ಟಿದ್ದ ನೀಲಿ ಕೋಟು ತೆಗೆದು ಇಸ್ತ್ರಿಗೆ ಕೂತಳು.

“ಬೇಜಾರಾಯ್ತಾ ದೊಡ್ಡಮ್ಮ?”

“ಬೇಜಾರು ಮಾಡ್ಕೊಳ್ಳೋಕೆ ನಾಳೆ ಇದೆ. ಇವತ್ತು ಗಾಜು ಒರೆಸು. ಮೊದಲು ಒಂದು ತೆಗಿ, ತೊಳಿ, ಹಾಕು. ಆಮೇಲೆ ಇನ್ನೊಂದು. ಎರಡೂ ಒಟ್ಟಿಗೆ ತೆಗೆದ್ಯೋ, ಕಾಲು ಮುರೀತೀನಿ.”

“ಕಾಲು ಮುರಿದ್ರೆ ಹತ್ತೋರ್ಯಾರು?”

“ಬಾಯಿಗೇನೂ ಕಮ್ಮಿ ಇಲ್ಲ. ಹೋಗು.”

ತಾತ್ಕಾಲಿಕ ಹೋದ. ಒಂದೇ ಬಕೆಟ್ ನೀರಿಗೆ ಎರಡು ಸಲ ಕೂರುವುದು ದಡ್ಡತನ ಎಂದು ಅವನಿಗೆ ಹೊಳೆಯಿತು. ಹಿಂದಿನ ಮೂರು ಕೆಲಸಗಳಲ್ಲೂ ಹೀಗೇ ಏನಾದರೊಂದು ಹೊಳೆದಿತ್ತು. ಕೆಂಪು ಎಡಕ್ಕೆ, ಬಿಳಿ ಬಲಕ್ಕೆ ಎಂದು ಒಳಗೆ ನಿಂತು ಬಾಯಿಪಾಠ ಮಾಡಿಕೊಂಡು ಎರಡನ್ನೂ ಬಿಚ್ಚಿದ, ಫಳಫಳ ತೊಳೆದ. ತಿರುಪು ಹಾಕಲು ಹೊರಗಿನಿಂದ ಸಲೀಸೆಂದು ಸುತ್ತಲಿನ ಕಿರಿದಾದ ಮೊಗಸಾಲೆಗೆ ದಾಟಿ, ದೀಪದತ್ತ ಮುಖ ಮಾಡಿ ನಿಂತು, ಕೆಂಪನ್ನು ಎಡಕ್ಕೂ ಬಿಳಿಯನ್ನು ಬಲಕ್ಕೂ ಅಚ್ಚುಕಟ್ಟಾಗಿ ಕೂರಿಸಿದ. ಒಳಗಿನ ಎಡ ಹೊರಗಿನವನಿಗೆ ಬಲವಾಗುತ್ತದೆ ಎಂಬುದು ಮಾತ್ರ ಹೊಳೆಯಲಿಲ್ಲ.

ಅಂದು ಮುಸ್ಸಂಜೆ ದೀಪ ಹಚ್ಚಿ ಕೆಳಗಿಳಿದು ದೊಡ್ಡಮ್ಮನ ಪಕ್ಕ ನಿಂತ. ದೂರದಲ್ಲಿ ಬೋಟು ಕಾಣಿಸಿತು. ನೆಟ್ಟಗೆ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಪಕ್ಕಕ್ಕೆ ಹೊರಳಿತು.

“ಇವನ್ಯಾಕೆ ಮರಳ ಕಡೆ ಹೋಗ್ತಿದಾನೆ?” ಎಂದ ದೊಡ್ಡಮ್ಮ ತಲೆಯೆತ್ತಿ ದೀಪ ನೋಡಿದಳು. ಆಮೇಲೆ ಅವನ ಮುಖ ನೋಡಿದಳು. “ಎರಡೂ ಒಟ್ಟಿಗೆ ತೆಗೆದ್ಯಾ?”

ಅವನು ಬಾಯಿ ತೆರೆಯುವಷ್ಟರಲ್ಲಿ ‘ಸರ್‍ರ್’ ಎಂದು ಶಬ್ದವಾಗಿ ಬೋಟು ನಿಂತಿತು. ದಡಕ್ಕೂ ದಿಬ್ಬಕ್ಕೂ ನಡುವೆ ಮೊಣಕಾಲುದ್ದ ನೀರು. ಸಾಹೇಬರು ಬೂಟು ಒಂದು ಕೈಯಲ್ಲಿ, ಫೈಲು ತಲೆಯ ಮೇಲೆ ಹಿಡಿದು ನಡೆದು ಬಂದರು. ಹಿಂದೆ ಅಂಬಿಗ.

“ಇಪ್ಪತ್ತು ವರ್ಷದ ಅನುಭವ ಅಂದಿದ್ಯಲ್ಲಯ್ಯಾ! ನಿನ್ನ ಲೈಸೆನ್ಸು ಕಿತ್ತು ಹಾಕಿಸ್ತೀನಿ.”

“ಕೆಂಪು ಕಾಣ್ತು, ಸರಿದೆ ಸಾರ್. ಬಿಳಿ ಕಾಣ್ತು, ಬಂದೆ. ಇಪ್ಪತ್ತು ವರ್ಷ ಹಂಗೇ ಬಂದಿರೋದು.”

ದೊಡ್ಡಮ್ಮ ಕೋಟಿನ ಗುಂಡಿ ಹಾಕಿಕೊಂಡು ಮುಂದೆ ಬಂದಳು. “ಅವನ ತಪ್ಪಿಲ್ಲ ಸಾರ್. ದೀಪ ನನ್ನ ಸುಪರ್ದಿನಲ್ಲಿದೆ. ತಪ್ಪು ನನ್ನದೇ ಅಂತ ಬರ್ಕೊಳಿ.”

ತಾತ್ಕಾಲಿಕ ಲೆಕ್ಕ ಹಾಕಿದ. ಸುಮ್ಮನಿದ್ದರೆ ಕೆಲಸ ಉಳಿಯಲೂಬಹುದು. ಆದರೆ ಮೂವತ್ತೊಂದು ವರ್ಷದಲ್ಲಿ ಒಂದೂ ಕಪ್ಪುಚುಕ್ಕೆ ಇಲ್ಲದವಳ ಹೆಸರಿಗೆ ಮಸಿ ಬಳಿದು ಉಳಿಸಿಕೊಳ್ಳುವಷ್ಟು ಘನವಾದ ಕೆಲಸವಾಗಿರಲಿಲ್ಲ ಅದು.

“ಗಾಜು ಅದಲು ಬದಲು ಮಾಡಿದ್ದು ನಾನು ಸಾರ್. ಅವರು ಬೇಡ ಅಂದಿದ್ರು. ನಾನೇ ಬುದ್ಧಿ ಉಪಯೋಗಿಸಿದೆ.”

“ಅದನ್ನ ಎಲ್ಲಿಂದ ತಂದ್ಯೋ?” ಎಂದಳು ದೊಡ್ಡಮ್ಮ.

ಸಾಹೇಬರು ಬೂಟಿನ ನೀರು ಸುರಿದು ಅಂಬಿಗನತ್ತ ತಿರುಗಿದರು. “ಫೋನಿರಲಿಲ್ವೇನಯ್ಯಾ? ಅದರಲ್ಲಿ ನಕ್ಷೆ ಇದೆಯಲ್ಲ?”

“ಇದೆ ಸಾರ್. ನೋಡಿ.” ಅಂಬಿಗ ಫೋನು ಹಿಡಿದ. ನಕ್ಷೆಯಲ್ಲಿ ಬೋಟು ಅಗಲವಾದ ನೀಲಿ ನೀರಿನ ನಟ್ಟನಡುವೆ ಸುಖವಾಗಿ ತೇಲುತ್ತಿತ್ತು. “ಅದಕ್ಕೆ ಮರಳೇ ಗೊತ್ತಿಲ್ಲ. ಅದನ್ನ ಗಳ ಹಾಕಿ ನೋಡೋರು ಈ ಅಕ್ಕ ಒಬ್ಬರೇ. ನಾವೆಲ್ಲ ದೀಪ ನೋಡೇ ಬರೋದು.”

ಸಾಹೇಬರು ನಕ್ಷೆ ನೋಡಿದರು, ಮರಳ ಮೇಲೆ ವಾಲಿ ಕೂತಿದ್ದ ಬೋಟು ನೋಡಿದರು, ತಮ್ಮ ಒದ್ದೆ ಪ್ಯಾಂಟು ನೋಡಿದರು. ಆಮೇಲೆ ಫೈಲು ಬಿಚ್ಚಿ, ಉಗ್ರಾಣದ ಗೋಡೆಗೊತ್ತಿ ಹಿಡಿದು ಬರೆದರು: ‘ಬೋಟುಗಳು ಇಂದಿಗೂ ದೀಪವನ್ನೇ ನಂಬಿ ಸಾಗುತ್ತಿರುವುದು ಖುದ್ದು ಅನುಭವಕ್ಕೆ ಬಂದಿರುತ್ತದೆ. ಮುಂದುವರಿಸತಕ್ಕದ್ದು.’ ತಾತ್ಕಾಲಿಕನ ಬಗ್ಗೆಯೂ ಒಂದು ಸಾಲು ಬರೆದರು: ‘ಗಾಜು ಮುಟ್ಟತಕ್ಕದ್ದಲ್ಲ. ನೋಡಲು ಬರುವವರಿಗೆ ವಿವರಣೆ ಕೊಡುವ ಕೆಲಸಕ್ಕೆ ಹಾಕುವುದು.’

ಗಾಜು ಒರೆಸಲು ಈಗ ಬೇರೊಬ್ಬಳು ಬರುತ್ತಾಳೆ. ಒಂದು ತೆಗೆದು, ತೊಳೆದು, ಹಾಕಿದ ಮೇಲೇ ಇನ್ನೊಂದು. ಸೋಮವಾರ ಬಿಟ್ಟು ಯಾವ ದಿನವಾದರೂ ಹತ್ತರಿಂದ ನಾಲ್ಕರವರೆಗೆ ದೀಪಸ್ತಂಭ ನೋಡಬಹುದು. ದೋಣಿಕಟ್ಟೆಯಲ್ಲಿ ಇಳಿದು, ಉಗ್ರಾಣದ ಹಿಂದಿನ ಕಲ್ಲುಹಾಸಿನ ಮೇಲೆ ಐದು ನಿಮಿಷ ನಡೆದರೆ ಹಸಿರು ಬಾಗಿಲು ಸಿಗುತ್ತದೆ. ಗಂಟೆ ಕೆಟ್ಟಿದೆ, ಕೂಗಬೇಕು. ಒಂದು ಸಲಕ್ಕೆ ನಾಲ್ಕು ಜನ, ಐದನೆಯವರಿಗೆ ಮೇಲೆ ನಿಲ್ಲಲು ಜಾಗವಿಲ್ಲ. ದಪ್ಪಗಿರುವವರು ಹತ್ತುವ ಮೊದಲೇ ಹೇಳಿದರೆ ಒಳ್ಳೆಯದು, ಹತ್ತೊಂಬತ್ತನೆಯ ಮೆಟ್ಟಿಲಿನ ತಿರುವು ಬಹಳ ಇಕ್ಕಟ್ಟು.

ಮೇಲೆ ನಿಂತು ತಾತ್ಕಾಲಿಕ ಎಲ್ಲವನ್ನೂ ಹೇಳುತ್ತಾನೆ. ಗಾಜು ಅದಲು ಬದಲಾದ ಕತೆಯನ್ನಂತೂ ಅಭಿನಯಿಸಿ ತೋರಿಸುತ್ತಾನೆ. ಮೊನ್ನೆ ಒಬ್ಬಾಕೆ ಕಣ್ಣೊರೆಸಿಕೊಂಡು ನಗುತ್ತ ಕೇಳಿದಳು, “ಆ ಪುಣ್ಯಾತ್ಮನನ್ನ ಮನೆಗೆ ಕಳಿಸಿದ್ರಾ?”

“ಇಲ್ಲಮ್ಮ,” ಎಂದ ತಾತ್ಕಾಲಿಕ. “ಕಳಿಸೋಕೆ ನಾನಿನ್ನೂ ಕಾಯಂ ಆಗಿಲ್ಲ.”