ಲಾವಂಚದ ನೀರು ಕುಡಿದ ಹೆಸರುಕಾಳು

ಮದುವೆಯಾದ ಮೇಲೆ ನನ್ನ ಸೊಸೆ ಎಂ.ಎಸ್ಸಿ. ಸೇರಿದಳು. ಮೊಳಕೆಕಾಳು ಕೂಡ ನಮ್ಮ ಹಾಗೆ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದಂತೆ. ಉತ್ತೇಜಕ ರಾಸಾಯನಿಕ ಕೊಟ್ಟರೆ ಅದು ಹೆಚ್ಚುತ್ತದೋ ಇಲ್ಲವೋ ನೋಡುವುದು ಅವಳ ಪ್ರಾಜೆಕ್ಟು. ಬೇಸಗೆಯಲ್ಲಿ ಲ್ಯಾಬ್ ರಿಪೇರಿಗೆಂದು ಮುಚ್ಚಿದಾಗ ಬಾಟಲಿಗಳ ಸಮೇತ ಚೆನ್ನೈ ಮೈಲಾಪೂರಿನ ನಮ್ಮ ಫ್ಲಾಟಿನ ಅಡುಗೆಮನೆಗೇ ಬಂದು ಬೀಡುಬಿಟ್ಟಳು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಗ್ಗರಣೆ ಹಾಕುವುದಕ್ಕೂ ಅವಳ ಅಪ್ಪಣೆ ಬೇಕಿತ್ತು.

ಒಂದು ಬಾಟಲಿಯ ಹೆಸರುಕಾಳಿಗೆ ಕಾಲೇಜಿನಿಂದ ತಂದ ರಾಸಾಯನಿಕದ ನೀರು, ಇನ್ನೊಂದಕ್ಕೆ ಬರೀ ನೀರು. ಎರಡರಿಂದಲೂ ಕೊಳವೆ ಇಳಿದು ಸುಣ್ಣದ ತಿಳಿನೀರಿಗೆ ಸೇರುತ್ತಿತ್ತು. ಕಾಳು ಉಸಿರುಬಿಟ್ಟಷ್ಟೂ ತಿಳಿನೀರು ಬೆಳ್ಳಗಾಗುತ್ತಿತ್ತು. ನಾನೂ ಬರಬರುತ್ತಾ ಸ್ಟೂಲು ಎಳೆದುಕೊಂಡು ನೋಡತೊಡಗಿದೆ. ವಿಚಿತ್ರವೆಂದರೆ, ಪ್ರತಿಸಲವೂ ಬರೀ ನೀರಿನ ಕಾಳೇ ಗೆಲ್ಲುತ್ತಿತ್ತು. ಉತ್ತೇಜಕವೇ ಉಸಿರು ತಗ್ಗಿಸುತ್ತದೆ, ಇದು ಹೊಸ ವಿಷಯ ಎಂದು ಅವಳ ಪ್ರೊಫೆಸರು ಹಿಗ್ಗಿಹೋದರು. ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಲು ಅವಳ ಹೆಸರನ್ನೇ ಕೊಟ್ಟರು. ಅವಳ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ಮೈಸೂರಿನಿಂದ ನನ್ನ ತಮ್ಮ ಬಂದ. ಮಡಕೆಯಿಂದ ಒಂದು ಲೋಟ ನೀರು ಕುಡಿದು ಮುಖ ಸಿಂಡರಿಸಿದ.

"ಇದೇನಕ್ಕಾ, ನೀರಲ್ಲಿ ಏನು ಹಾಕಿದೀಯ?"

"ವೆಟ್ಟಿವೇರು ಕಣೋ, ಲಾವಂಚ. ಬೇಸಗೇಲಿ ನಮ್ಮಲ್ಲಿ ಎಲ್ಲಾರೂ ಹಾಕ್ತಾರೆ. ತಂಪು."

ಕೊಳವೆ ತೊಳೆಯುತ್ತಿದ್ದ ಸೊಸೆಯ ಕೈ ನಿಂತಿತು. ಎರಡನೇ ಬಾಟಲಿಗೆ ಅವಳು ಹಾಕುತ್ತಿದ್ದ ಬರೀ ನೀರು ಆ ಮಡಕೆಯದೇ. ಮದುವೆಯಾಗಿ ಬಂದಾಗಿನಿಂದ ಈ ಊರಿನಲ್ಲಿದ್ದ ನನಗೂ ಇಲ್ಲೇ ಹುಟ್ಟಿದ ಅವಳಿಗೂ ಬೇಸಗೆಯ ನೀರೆಂದರೆ ಅದೇ. ಬೇರು ಹಾಕಿದ ನೀರೆಂದು ಯಾರ ತಲೆಗೂ ಹೊಳೆದಿರಲಿಲ್ಲ.

"ಆ ಬೇರಿಂದಾನೇ ಉಸಿರು ಜಾಸ್ತಿ ಆಗಿರಬಹುದು ಅತ್ತೆ. ನಾನು ಹೋಲಿಸಿದ್ದೆಲ್ಲ ವೇಸ್ಟು," ಎಂದಳು.

"ಯಾರಿಗೆ ಗೊತ್ತಾಗತ್ತೆ, ಸುಮ್ನಿರು," ಎಂದ ನನ್ನ ತಮ್ಮ. ಅವಳು ಪ್ರೊಫೆಸರಿಗೆ ಫೋನ್ ಮಾಡಲು ಬಾಲ್ಕನಿಗೆ ಹೋದಳು.

ನಾನು ಬಾಗಿಲ ಪಕ್ಕ ನಿಂತೆ. ಕದ್ದು ಕೇಳಿದೆ ಎಂದೇ ಇಟ್ಟುಕೊಳ್ಳಿ. ಅತ್ತೆ ನೀರಿಗೆ ಬೇರು ಹಾಕಿಬಿಟ್ಟಿದ್ದರು ಎನ್ನುತ್ತಾಳೆ, ಹಳೇ ಕಾಲದವರು, ಗೊತ್ತಾಗುವುದಿಲ್ಲ ಎನ್ನುತ್ತಾಳೆ ಎಂದು ಕಾಯುತ್ತಿದ್ದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮೊದಲ ಮಾತೇ ಅದಾಗಿರುತ್ತಿತ್ತು.

"ತಣ್ಣಿಯೆ ನಾನ್ ಚೆಕ್ ಪಣ್ಣಲೆ ಸಾರ್. ಎನ್ ತಪ್ಪುದಾನ್," ಎಂದಳು ತಮಿಳಿನಲ್ಲಿ. ನೀರನ್ನು ಪರೀಕ್ಷಿಸದಿದ್ದದ್ದು ತನ್ನದೇ ತಪ್ಪಂತೆ. ಪ್ರಬಂಧ ಓದುವವರ ಪಟ್ಟಿಯಿಂದ ತನ್ನ ಹೆಸರು ತೆಗೆಯಿರಿ ಎಂದೂ ಅವಳೇ ಹೇಳಿದಳು. ನನ್ನ ಸುದ್ದಿ ಕೊನೆಯವರೆಗೂ ಬರಲಿಲ್ಲ.